ಎಂಮ್ಯಾಪ್ ಪ್ಯಾಚ್ ರಿವ್ಯೂಗೆ ಬಂದಾಗ ನೀವು ಮೊದಲು ಏನು ನೋಡುತ್ತೀರಿ?

ಪುಟಮಿತಿ

ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಕೆಲಸ ಮಾಡುವವರಲ್ಲಿ ಒಂದು ಪ್ರಶ್ನೆ. ನಮ್ಮಲ್ಲಿ ಹಲವು ಡ್ರೈವರ್‌ಗಳು ಹಂಚಿಕೊಂಡು ಬಳಸುವ ಪುಟ್ಟ ಲೈಬ್ರರಿಯೊಂದಿದೆ, ಕರ್ನಲ್ ಒಳಗೇ ಓಡುವಂಥದ್ದು. ಕ್ಯಾಮೆರಾ, ವಿಡಿಯೋ ಎನ್‌ಕೋಡರ್ ಮುಂತಾದ ಸಾಧನಗಳ ಬಫರನ್ನು ಬಳಕೆದಾರರ ಪ್ರೋಗ್ರಾಂಗೆ ಮ್ಯಾಪ್ ಮಾಡಿಕೊಡುವುದು, ಎಂದರೆ ಪ್ರೋಗ್ರಾಂ ಎಂಮ್ಯಾಪ್ ಕರೆದಾಗ ಆ ಮೆಮೊರಿ ಅದಕ್ಕೆ ನೇರವಾಗಿ ಸಿಗುವಂತೆ ಮಾಡುವುದು ಅದರ ಕೆಲಸ. ಇದುವರೆಗೆ ಬಫರ್ ಇಡಿಯಾಗಿ ಮಾತ್ರ ಮ್ಯಾಪ್ ಆಗುತ್ತಿತ್ತು. ಆಫ್‌ಸೆಟ್ (ಬಫರಿನ ಆರಂಭದಿಂದ ಎಷ್ಟು ಮುಂದಿನಿಂದ ಬೇಕು ಎಂಬ ಸಂಖ್ಯೆ) ಸೊನ್ನೆಯಲ್ಲದಿದ್ದರೆ ವಾಪಸ್ ಕಳಿಸುತ್ತಿದ್ದೆವು. ಒಳಗೆ ವಿಎಂ_ಐಒಮ್ಯಾಪ್_ಮೆಮೊರಿ ಎಂಬ ಕರ್ನಲ್‌ನದೇ ಫಂಕ್ಷನ್ ಇತ್ತು.

ಈಗ ಬಂದಿರುವ ಪ್ಯಾಚ್ (ಕೋಡಿನ ಬದಲಾವಣೆ) ಎರಡು ಕೆಲಸ ಮಾಡುತ್ತದೆ. ಒಂದು, ಬಫರಿನ ಯಾವುದೇ ಭಾಗವನ್ನು ಮಾತ್ರ ಮ್ಯಾಪ್ ಮಾಡಲು ಬಿಡುತ್ತದೆ. ಅದಕ್ಕಾಗಿ ಹಳೆಯ ಫಂಕ್ಷನ್ ತೆಗೆದು, ಗಾತ್ರವನ್ನು ತಾನೇ ಪರೀಕ್ಷಿಸಿ, ಕೊಟ್ಟ ಭೌತಿಕ ಮೆಮೊರಿಯನ್ನು ಮ್ಯಾಪ್ ಮಾಡುವ ರೀಮ್ಯಾಪ್_ಪಿಎಫ್‌ಎನ್_ರೇಂಜ್ ಫಂಕ್ಷನ್ನನ್ನು ನೇರವಾಗಿ ಕರೆಯುತ್ತದೆ. ಎರಡು, ಸಾಧನದ ಫೈಲ್ ಮುಚ್ಚುವವರೆಗೆ ಕಾಯದೆ, ಪ್ರತಿ ಬಫರಿಗೂ ಒಂದು ರೆಫರೆನ್ಸ್ ಎಣಿಕೆ (ಎಷ್ಟು ಮಂದಿ ಬಳಸುತ್ತಿದ್ದಾರೆ ಎಂಬ ಲೆಕ್ಕ) ಇಟ್ಟು, ಎಣಿಕೆ ಸೊನ್ನೆಯಾದ ಕೂಡಲೇ ಬಫರನ್ನು ಬಿಡುಗಡೆ ಮಾಡುತ್ತದೆ.

ಬಂದಿರುವ ರಿವ್ಯೂ ಟಿಪ್ಪಣಿಗಳನ್ನು ನೋಡಿದರೆ ನಗು ಬರುತ್ತದೆ: ವೇರಿಯಬಲ್ ಹೆಸರು ಉದ್ದವಾಯಿತು, ಇಲ್ಲೊಂದು ಖಾಲಿ ಸಾಲು ಬೇಕು, ಕಾಮೆಂಟಿನಲ್ಲಿ ಕಾಗುಣಿತ ತಪ್ಪಿದೆ. ನಾನು ಕೇಳಿದ್ದು ಒಂದೇ: ಆಫ್‌ಸೆಟ್ ಮತ್ತು ಉದ್ದವನ್ನು ಕೂಡಿಸುವಾಗ ಮೊತ್ತ ವೇರಿಯಬಲ್‌ನಲ್ಲಿ ಹಿಡಿಸದೆ ಉಕ್ಕಿ ಹರಿದರೆ ಏನು ಗತಿ? ಬರೆದ ಹುಡುಗನ ಉತ್ತರ: "ಅಷ್ಟು ದೊಡ್ಡ ಆಫ್‌ಸೆಟ್ ಯಾರು ಕೊಡುತ್ತಾರೆ?" ಮೇಲಿನವರ ಉತ್ತರ: "ಪರೀಕ್ಷೆ ಪಾಸಾಗಿದೆ, ಈ ವಾರ ಬಿಡುಗಡೆ ಇದೆ."

ಸುಮ್ಮನೆ ಕೆಲಸ ತಡೆಯುತ್ತಿದ್ದೇನೆಯೇ? ಇಂಥ ಪ್ಯಾಚ್ ಬಂದಾಗ ನೀವು ಏನನ್ನು, ಯಾವ ಕ್ರಮದಲ್ಲಿ ನೋಡುತ್ತೀರಿ?

ನೇರಮಾತು

ಪರೀಕ್ಷೆ ಪಾಸಾಗಿದ್ದರೆ ಒಪ್ಪಿಬಿಡಿ. ರಿವ್ಯೂ ಎಂಬುದು ಪ್ಯಾಚ್ ತಡೆಯುವ ಹಕ್ಕು ಎಂದು ಕೆಲವರು ಭಾವಿಸಿಕೊಂಡಿದ್ದಾರೆ.

ಹಳೆಯ ಡ್ರೈವರ್

ಮೊದಲ ಪ್ರಶ್ನೆ: ವಿಎಂ_ಐಒಮ್ಯಾಪ್_ಮೆಮೊರಿಯನ್ನು ತೆಗೆದದ್ದೇಕೆ? ಭಾಗಶಃ ಮ್ಯಾಪಿಂಗ್ ಅದರಲ್ಲೇ ಆಗುತ್ತದೆ. ಬಫರಿನಲ್ಲಿ ಒಟ್ಟು ಎಷ್ಟು ಪುಟ (ಮೆಮೊರಿ ಹಂಚುವ ನಿಗದಿತ ಗಾತ್ರದ ತುಂಡು) ಇವೆ ಎಂದು ಲೆಕ್ಕ ಹಾಕುತ್ತದೆ, ಕೇಳಿದ ಆಫ್‌ಸೆಟ್ ಅದಕ್ಕಿಂತ ಹೆಚ್ಚಿದ್ದರೆ ಅಲ್ಲೇ ತಿರಸ್ಕರಿಸುತ್ತದೆ, ಇಲ್ಲವಾದರೆ ಆಫ್‌ಸೆಟ್ಟನ್ನು ಕಳೆದು, ಉಳಿದ ಪುಟಗಳಲ್ಲಿ ಕೇಳಿದ ಉದ್ದ ಹಿಡಿಸುತ್ತದೆಯೇ ಎಂದು ನೋಡುತ್ತದೆ. ಎಲ್ಲವೂ ಪುಟಗಳ ಲೆಕ್ಕದಲ್ಲಿ, ಕಳೆಯುವ ಲೆಕ್ಕದಲ್ಲಿ. ಆಫ್‌ಸೆಟ್ಟಿಗೆ ಉದ್ದವನ್ನು ಕೂಡಿಸುವುದೇ ಇಲ್ಲ, ಆದ್ದರಿಂದ ಉಕ್ಕುವ ಪ್ರಶ್ನೆಯೂ ಇಲ್ಲ. ಒಂದೊಂದು ಡ್ರೈವರೂ ಈ ಲೆಕ್ಕವನ್ನು ತನಗೆ ತೋಚಿದಂತೆ ಹಾಕಿ ಎಡವುತ್ತಿದ್ದುದರಿಂದಲೇ ಲಿನಕ್ಸ್ ಜನಕ ಲಿನಸ್ ಟೋರ್ವಾಲ್ಡ್ಸ್ 2013ರಲ್ಲಿ ಅದನ್ನು ಸೇರಿಸಿದರು.

ನಿಮ್ಮ ಲೈಬ್ರರಿಯಲ್ಲಿ ಸೊನ್ನೆಯಲ್ಲದ ಆಫ್‌ಸೆಟ್ ತಿರಸ್ಕರಿಸುವ ಆ ಒಂದು ಸಾಲು ತೆಗೆದಿದ್ದರೆ ಮೊದಲ ಕೆಲಸ ಮುಗಿಯುತ್ತಿತ್ತು.

ಕಡತಪಾಲಕ

ಮೇಲಿನ ಮಾತು ಸರಿ, ಆದರೆ ಪುಟಮಿತಿಯವರ ಆಕ್ಷೇಪಣೆಯನ್ನೂ ತುಸು ತಿದ್ದಬೇಕು. ಕೂಡುವಾಗ ಉಕ್ಕುವ ಅಪಾಯವನ್ನು ಈಗ ಕರ್ನಲ್ ತಾನೇ ತಡೆಯುತ್ತದೆ. 2018ರಲ್ಲಿ ಎಂಮ್ಯಾಪ್ ದಾರಿಯಲ್ಲೇ ಒಂದು ಮಿತಿ ಬಂತು: ಆಫ್‌ಸೆಟ್ ಮತ್ತು ಉದ್ದ ಸೇರಿ ಬೈಟ್ ಲೆಕ್ಕದಲ್ಲಿ ಅನ್‌ಸೈನ್ಡ್ ಲಾಂಗ್ (64 ಬಿಟ್ ಯಂತ್ರದಲ್ಲಿ 64 ಬಿಟ್‌ನ ಸಂಖ್ಯೆ) ಮೀರುವಂತಿದ್ದರೆ ಕೋರಿಕೆ ಡ್ರೈವರಿನವರೆಗೂ ಬರುವುದಿಲ್ಲ. ತಪ್ಪು ತುಂಬಿದ ಡ್ರೈವರ್‌ಗಳಿಂದ ಬೇಸತ್ತು ಈ ಮಿತಿ ಹಾಕಿದ್ದಾಗಿ ಆ ಕೋಡಿನ ಕಾಮೆಂಟಿನಲ್ಲೇ ಇದೆ, ಓದಿ ನೋಡಿ. ಹಾಗಾಗಿ "ಯಾರು ಕೊಡುತ್ತಾರೆ" ಎಂಬ ಹುಡುಗನ ಕಾರಣ ತಪ್ಪು, ತೀರ್ಮಾನ ಮಾತ್ರ ಅರ್ಧ ಸರಿ.

ನೇರಮಾತು

ಅಂದರೆ ತಡೆದದ್ದು ಸುಮ್ಮನೆ. ನಾನು ಮೊದಲೇ ಹೇಳಿದೆನಲ್ಲ.

ಅಲ್ಪವಿರಾಮ

ಸ್ವಲ್ಪ ತಾಳಿ. ಪುಟಮಿತಿಯವರೇ, ಆಫ್‌ಸೆಟ್ ಇಟ್ಟುಕೊಂಡಿರುವ ವೇರಿಯಬಲ್‌ನ ಟೈಪ್ ಯಾವುದು? ರೀಮ್ಯಾಪ್‌ಗೆ ಕೊಡುತ್ತಿರುವುದು ಅದೇ ವೇರಿಯಬಲ್ಲೋ ಬೇರೆಯದೋ?

ಪುಟಮಿತಿ

ಯು32, ಎಂದರೆ 32 ಬಿಟ್‌ನ ಸಂಖ್ಯೆ. ನಮ್ಮ ಬಫರ್‌ಗಳು ಯಾವತ್ತೂ 4 ಜಿಬಿ ಮುಟ್ಟುವುದಿಲ್ಲ, ಅಷ್ಟು ಸಾಕು ಎಂದು ಕಾಮೆಂಟ್ ಬರೆದಿದ್ದಾನೆ. ಪರೀಕ್ಷೆ ಆಗುವುದು ಆ ಯು32 ಮೇಲೆ. ಆದರೆ ಮುಂದೆ ಭೌತಿಕ ಪುಟಸಂಖ್ಯೆಗೆ ಕೂಡಿಸುವುದು ವಿಎಂಎ (ಒಂದು ಮ್ಯಾಪಿಂಗ್ ಬಗ್ಗೆ ಕರ್ನಲ್ ಇಡುವ ದಾಖಲೆ) ಒಳಗಿನ ವಿಎಂ_ಪಿಜಿಆಫ್ (ಪುಟಗಳ ಲೆಕ್ಕದ ಆಫ್‌ಸೆಟ್) ಅನ್ನೇ ನೇರವಾಗಿ.

ಅಲ್ಪವಿರಾಮ

ಹಾಗಾದರೆ ಬಾಗಿಲು ತೆರೆದೇ ಇದೆ. ಒಂದು ಪುಟ 4096 ಬೈಟ್ ಎಂದುಕೊಳ್ಳಿ. ನಾನು ಪ್ರೋಗ್ರಾಂನಿಂದ ಸರಿಯಾಗಿ 4 ಜಿಬಿ ಆಫ್‌ಸೆಟ್ ಕೊಟ್ಟು ಎಂಮ್ಯಾಪ್ ಕರೆಯುತ್ತೇನೆ. 64 ಬಿಟ್ ಯಂತ್ರದಲ್ಲಿ ಅದು ಅಂಥ ದೊಡ್ಡ ಸಂಖ್ಯೆಯೇನಲ್ಲ, ಕರ್ನಲ್‌ನ 2018ರ ಮಿತಿಯ ಹತ್ತಿರವೂ ಸುಳಿಯುವುದಿಲ್ಲ. ಪಿಜಿಆಫ್ 10,48,576 ಆಗುತ್ತದೆ. ಅದನ್ನು 12 ಬಿಟ್ ಎಡಕ್ಕೆ ಸರಿಸಿ ಯು32ನಲ್ಲಿ ಹಾಕಿದರೆ ಉಳಿಯುವುದು ಸೊನ್ನೆ. ಸೊನ್ನೆ ಮತ್ತು ಉದ್ದ ಸೇರಿ ಬಫರಿಗಿಂತ ಚಿಕ್ಕದು, ಪರೀಕ್ಷೆ ಪಾಸು. ಆಮೇಲೆ ಮ್ಯಾಪ್ ಆಗುವುದು? ಬಫರ್ ಶುರುವಾಗುವ ಜಾಗದಿಂದ 10,48,576 ಪುಟ ಆಚೆ ಇರುವ ಭೌತಿಕ ಮೆಮೊರಿ. ಅಲ್ಲಿ ಕರ್ನಲ್‌ನ ಡೇಟಾ ಇರಬಹುದು, ಇನ್ನೊಬ್ಬರ ಪಾಸ್‌ವರ್ಡ್ ಇರಬಹುದು. ಬರೆಯುವ ಅನುಮತಿಯನ್ನೂ ಕೊಟ್ಟಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ.

ಪರೀಕ್ಷಿಸಿದ್ದು ಒಂದು ಸಂಖ್ಯೆ, ಬಳಸಿದ್ದು ಇನ್ನೊಂದು. ನಾನು ಮೊದಲು ಹುಡುಕುವುದು ಇದನ್ನೇ. ಮಾಮೂಲಿ ಕರ್ನಲ್ ಬಿಲ್ಡ್‌ನಲ್ಲಿ ಈ ಕತ್ತರಿಕೆಗೆ ಕಂಪೈಲರ್ ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಮುಂಜಾನೆ ಬಿಲ್ಡ್

ಅಬ್ಬಾ. ಖಾಲಿ ಸಾಲು ಬೇಕು ಎಂದವರಿಗೆ ಇದನ್ನು ತೋರಿಸಿ.

ನೇರಮಾತು

ಒಪ್ಪಿದೆ, ತಪ್ಪಿದೆ. ಆದರೆ ಸಾಧನದ ಫೈಲನ್ನು ತೆರೆಯುವ ಅನುಮತಿ ನಿಮ್ಮದೇ ಕ್ಯಾಮೆರಾ ಸರ್ವಿಸ್‌ಗೆ ಮಾತ್ರ ಇರುತ್ತದಲ್ಲವೇ? ಹೊರಗಿನವನು ಅಲ್ಲಿಗೆ ಬರುವುದಾದರೂ ಹೇಗೆ? ಎಲ್ಲವನ್ನೂ ಲೋಕ ಮುಳುಗುವ ಅಪಾಯ ಎಂದು ತೋರಿಸುವ ಅಭ್ಯಾಸ ನಮ್ಮವರಿಗೆ ಹೆಚ್ಚು.

ಕಡತಪಾಲಕ

ಅನುಮತಿ ಸರಿಯಾಗಿರುತ್ತದೆ ಎಂದು ನಂಬಿ ಕೂರುವಂತಿಲ್ಲ. 2012ರ ಡಿಸೆಂಬರ್‌ನಲ್ಲಿ ಹೊರಬಿದ್ದ ಎಕ್ಸಿನೋಸ್ ಪ್ರಕರಣ ನೆನಪಿಸಿಕೊಳ್ಳಿ. ಎಕ್ಸಿನೋಸ್ 4210 ಮತ್ತು 4412 ಚಿಪ್ ಇದ್ದ ಫೋನುಗಳಲ್ಲಿ ಎಕ್ಸಿನೋಸ್-ಮೆಮ್ ಎಂಬ ಸಾಧನ ಇತ್ತು. ಅದನ್ನು ಯಾವ ಆ್ಯಪ್ ಬೇಕಾದರೂ ತೆರೆದು ಓದಬಹುದಿತ್ತು, ಬರೆಯಬಹುದಿತ್ತು; ಅದರ ಎಂಮ್ಯಾಪ್ ಭೌತಿಕ ಮೆಮೊರಿಯನ್ನೆಲ್ಲ ಮ್ಯಾಪ್ ಮಾಡಿಕೊಡುತ್ತಿತ್ತು. ಗ್ಯಾಲಕ್ಸಿ ಎಸ್2, ಎಸ್3, ನೋಟ್ 2 ಎಲ್ಲ ಅದರಲ್ಲಿ ಸಿಕ್ಕಿಬಿದ್ದವು. ಅನುಮತಿ ಕೊಟ್ಟವರು "ಎಂಮ್ಯಾಪ್ ನೋಡಿಕೊಳ್ಳುತ್ತದೆ" ಎಂದುಕೊಂಡಿರಬಹುದು, ಎಂಮ್ಯಾಪ್ ಬರೆದವರು "ಅನುಮತಿ ನೋಡಿಕೊಳ್ಳುತ್ತದೆ" ಎಂದು. ಇದು ನನ್ನ ಊಹೆ. ಆದರೆ ಇಂಥ ಊಹೆಗೆ ಆಸ್ಪದ ಕೊಡುವ ಕೋಡನ್ನು ನಾನು ಒಪ್ಪುವುದಿಲ್ಲ.

ಹಳೆಯ ಡ್ರೈವರ್

ಎಲ್ಲರೂ ಗಾತ್ರದ ಹಿಂದೆ ಬಿದ್ದಿದ್ದೀರಿ. ನನಗೆ ಅದಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಪ್ಯಾಚಿನ ಎರಡನೆಯ ಕೆಲಸ, ರೆಫರೆನ್ಸ್ ಎಣಿಕೆ. ಗಾತ್ರದ ತಪ್ಪು ಕಣ್ಣಿಗೆ ಕಾಣುವ ಸಾಲಿನಲ್ಲಿ ಇರುತ್ತದೆ. ಬಫರಿನ ಆಯಸ್ಸಿನ ತಪ್ಪು ಬರೆಯದೆ ಬಿಟ್ಟ ಸಾಲಿನಲ್ಲಿ ಇರುತ್ತದೆ, ಬದಲಾದ ಸಾಲು ತೋರಿಸುವ ಡಿಫ್‌ನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಪುಟಮಿತಿಯವರೇ, ಎಂಮ್ಯಾಪ್ ಆದಾಗ ಎಣಿಕೆ ಏರಿಸಿ, ವಿಎಂಎ ಮುಚ್ಚುವಾಗ ಕ್ಲೋಸ್ ಫಂಕ್ಷನ್‌ನಲ್ಲಿ ಇಳಿಸುತ್ತಾನೆ ಎಂದುಕೊಳ್ಳುತ್ತೇನೆ. ಓಪನ್ ಫಂಕ್ಷನ್ ಬರೆದಿದ್ದಾನೆಯೇ?

ಪುಟಮಿತಿ

ಇಲ್ಲ. ಕ್ಲೋಸ್ ಒಂದೇ ಇದೆ.

ಹಳೆಯ ಡ್ರೈವರ್

ಅದೇ ಅನುಮಾನ ಇತ್ತು. ಒಂದೊಂದೇ ಹೆಜ್ಜೆ ಇಡೋಣ, ಹೊಸಬರೂ ಓದುತ್ತಿರಬಹುದು.

ಮೂರು ಪುಟದ ಬಫರ್. ಬಫರ್ ಹುಟ್ಟಿದಾಗ ಎಣಿಕೆ 1, ಅದು ಫೈಲಿನ ಪಾಲು. ಎಂಮ್ಯಾಪ್ ಮಾಡಿದಾಗ 2. ಈಗ ಪ್ರೋಗ್ರಾಂ ನಡುವಿನ ಪುಟವನ್ನು ಮಾತ್ರ ಎಂಅನ್‌ಮ್ಯಾಪ್ ಮಾಡುತ್ತದೆ. ಹಾಗೆ ಮಾಡಬಾರದೆಂದು ಎಲ್ಲಿಯೂ ನಿಯಮವಿಲ್ಲ. ಕರ್ನಲ್ ಏನು ಮಾಡುತ್ತದೆ? ಒಂದೇ ಆಗಿದ್ದ ವಿಎಂಎಯನ್ನು ಎಡ, ನಡು, ಬಲ ಎಂದು ಮೂರಾಗಿ ಸೀಳುತ್ತದೆ. ಸೀಳಿದಾಗ ಹುಟ್ಟುವ ಪ್ರತಿ ಹೊಸ ವಿಎಂಎಗೂ ಡ್ರೈವರಿನ ಓಪನ್ ಕರೆಯುತ್ತದೆ, "ನಿನ್ನ ಬಫರಿಗೆ ಇನ್ನೊಬ್ಬ ವಾರಸುದಾರ ಬಂದಿದ್ದಾನೆ, ಎಣಿಕೆ ಏರಿಸಿಕೋ" ಎಂದು ಹೇಳಲು. ನಿಮ್ಮಲ್ಲಿ ಓಪನ್ ಇಲ್ಲ, ಎಣಿಕೆ 2 ಆಗಿಯೇ ಉಳಿಯಿತು. ನಡುವಿನದು ಹೋಗುವಾಗ ಕ್ಲೋಸ್ ಓಡಿತು: 1. ಪ್ರೋಗ್ರಾಂ ಎಡ ಪುಟವನ್ನೂ ಬಿಟ್ಟಿತು: 0. ಬಫರ್ ಬಿಡುಗಡೆ ಆಯಿತು.

ಬಲಗಡೆಯ ಪುಟ? ಅದು ಇನ್ನೂ ಆ ಪ್ರೋಗ್ರಾಂನ ಕೈಯಲ್ಲೇ ಇದೆ. ರೀಮ್ಯಾಪ್_ಪಿಎಫ್‌ಎನ್_ರೇಂಜ್‌ನಿಂದ ಆದ ಮ್ಯಾಪಿಂಗ್ ಪುಟದ ಮೇಲೆ ರೆಫರೆನ್ಸ್ ಹಿಡಿಯುವುದಿಲ್ಲ. ಪುಟ ಬಿಡುಗಡೆ ಆಗದಂತೆ ನೋಡಿಕೊಳ್ಳುವುದು ಪೂರ್ತಿ ಡ್ರೈವರಿನ ಹೊಣೆ. ಬಿಡುಗಡೆಯಾದ ಆ ಪುಟ ನಾಳೆ ಇನ್ನೊಂದು ಪ್ರೋಗ್ರಾಂನ ಕ್ಯಾಮೆರಾ ಬಫರ್ ಆಗುತ್ತದೆ. ಮೊದಲನೆಯ ಪ್ರೋಗ್ರಾಂ ಕೂತಲ್ಲೇ ಕೂತು ಇನ್ನೊಬ್ಬರ ಚಿತ್ರ ನೋಡಬಹುದು.

ಫೋರ್ಕ್‌ನಲ್ಲೂ (ಪ್ರೊಸೆಸ್ ತನ್ನದೇ ನಕಲು ಹುಟ್ಟಿಸುವಾಗ) ಇದೇ ಕಥೆ. ಮಗು ಪ್ರೊಸೆಸ್‌ನ ಹೊಸ ವಿಎಂಎಗೆ ಕರ್ನಲ್ ಓಪನ್ ಕರೆಯುತ್ತದೆ. ಅದು ಇಲ್ಲದಿದ್ದರೆ ಒಂದು ಏರಿಕೆಗೆ ಎರಡು ಇಳಿಕೆ. ಇನ್ನೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ: ಮೊದಲ ಎಂಮ್ಯಾಪ್ ಹೊತ್ತಿನಲ್ಲಿ ಕರ್ನಲ್ ಓಪನ್ ಕರೆಯುವುದಿಲ್ಲ. ಅಲ್ಲಿ ಡ್ರೈವರ್ ತಾನೇ ಏರಿಸಿಕೊಳ್ಳಬೇಕು. ಹಾಗಾಗಿ ಮೊದಲ ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಮುಂಜಾನೆ ಬಿಲ್ಡ್

ಹಳೆಯ ಕೋಡ್ ಇದರಲ್ಲಿ ಸುರಕ್ಷಿತವಾಗಿತ್ತಲ್ಲವೇ? ಪ್ರತಿ ವಿಎಂಎಯೂ ಫೈಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಫೈಲಿನ ಕೊನೆಯ ರಿಲೀಸ್‌ನಲ್ಲಿ ಬಫರ್ ಬಿಡುತ್ತಿದ್ದರೆ ಅಷ್ಟರಲ್ಲಿ ಯಾವ ಮ್ಯಾಪಿಂಗೂ ಉಳಿದಿರುವುದಿಲ್ಲ.

ಹಳೆಯ ಡ್ರೈವರ್

ಹೌದು. ಮೆಮೊರಿ ಸ್ವಲ್ಪ ಹೆಚ್ಚು ಹೊತ್ತು ಹಿಡಿದಿಡುತ್ತಿತ್ತು, ಆದರೆ ಸರಿಯಾಗಿತ್ತು. ಮೆಮೊರಿ ಉಳಿಸುವ ಆಸೆ ನ್ಯಾಯವಾದದ್ದೇ, ಬೇಡ ಎನ್ನುವುದಿಲ್ಲ. ಅದು ಬೇರೆಯೇ ಪ್ಯಾಚ್ ಆಗಿ ಬರಬೇಕಿತ್ತು.

ನೇರಮಾತು

ಇದಕ್ಕೆಲ್ಲ ಉಪಕರಣಗಳಿವೆ ಸ್ವಾಮಿ. ಮೆಮೊರಿ ತಪ್ಪು ಹಿಡಿಯುವ ಕೇಸಾನ್ ಹಾಕಿ, ಕರ್ನಲ್‌ಗೆ ಯದ್ವಾತದ್ವಾ ಕರೆ ಕೊಟ್ಟು ನೋಡುವ ಸಿಜ್‌ಕಾಲರ್ ರಾತ್ರಿಯಿಡೀ ಓಡಿಸಿ, ಬೆಳಗ್ಗೆ ವರದಿ ಓದಿ. ಮನುಷ್ಯರು ಕಣ್ಣಿಟ್ಟು ಓದಿ ಬಗ್ ಹಿಡಿಯುವ ಕಾಲ ಮುಗಿಯಿತು.

ರಾತ್ರಿಪಾಳಿ

ಎರಡನ್ನೂ ದಿನವೂ ಓಡಿಸುವವನಾಗಿ ಹೇಳುತ್ತೇನೆ, ಹಳೆಯ ಡ್ರೈವರ್ ವಿವರಿಸಿದ ಬಗ್ಗನ್ನು ಕೇಸಾನ್ ನೋಡುವುದಿಲ್ಲ. ಕರ್ನಲ್ ಕೋಡ್ ಮಾಡುವ ಓದು ಬರಹಗಳನ್ನು ಮಾತ್ರ ಅದು ಕಾಯುತ್ತದೆ. ಇಲ್ಲಿ ಬಿಡುಗಡೆಯಾದ ಪುಟವನ್ನು ಓದುತ್ತಿರುವುದು ಬಳಕೆದಾರರ ಪ್ರೋಗ್ರಾಂ, ತನ್ನ ಪೇಜ್ ಟೇಬಲ್ ಮೂಲಕ, ಪ್ರೊಸೆಸರ್ ಒಪ್ಪಿಗೆಯಿಂದಲೇ. ಕರ್ನಲ್‌ಗೆ ಸುಳಿವೇ ಸಿಗುವುದಿಲ್ಲ. ಆಮೇಲೆ ಕರ್ನಲ್ ತಾನೇ ಆ ಬಫರಿನ ವಿವರದ ರಚನೆಯನ್ನು ಮುಟ್ಟಿದರೆ ಆಗ ಕೇಸಾನ್ ಕೂಗುತ್ತದೆ, ಮುಟ್ಟದಿದ್ದರೆ ಮೌನ.

ಸಿಜ್‌ಕಾಲರ್ ಒಳ್ಳೆಯದು, ಮರ್ಯಾದೆ ಇದೆ. ಆದರೆ ನಿಮ್ಮದೇ ಸಾಧನದ ಐಆಕ್ಟಲ್‌ಗಳು (ಸಾಧನಕ್ಕೆ ಕೊಡುವ ಆದೇಶಗಳು) ಯಾವುವು, ಬಫರ್ ಹುಟ್ಟಿಸುವುದು ಹೇಗೆ ಎಂದು ವಿವರಣೆ ಬರೆದುಕೊಡದಿದ್ದರೆ ಅದು ಬಾಗಿಲಲ್ಲೇ ಸುತ್ತುತ್ತಿರುತ್ತದೆ. ಆ ವಿವರಣೆ ಬರೆದಿದ್ದೀರಾ ಎಂದು ರಿವ್ಯೂನಲ್ಲಿ ಕೇಳಿ, ಆಗ ಉಪಕರಣದ ಮಾತಿಗೆ ಅರ್ಥ ಬರುತ್ತದೆ.

ಅಲ್ಪವಿರಾಮ

"ಪರೀಕ್ಷೆ ಪಾಸು" ಎಂದದ್ದಕ್ಕೆ ಒಪ್ಪಿಗೆ ಒತ್ತುವುದು ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ. ಯಾವ ಪರೀಕ್ಷೆ? ಮ್ಯಾಪ್ ಮಾಡಿ, ಬರೆದು, ಓದಿ, ಅನ್‌ಮ್ಯಾಪ್ ಮಾಡಿದ್ದು ತಾನೆ? ನಡುವಿನ ಪುಟ ಕಿತ್ತ ಪರೀಕ್ಷೆ ಇದೆಯೇ? ಫೋರ್ಕ್? ಎಂಪ್ರೊಟೆಕ್ಟ್?

ಮುಂಜಾನೆ ಬಿಲ್ಡ್

ಎಂಪ್ರೊಟೆಕ್ಟ್ ಯಾಕೆ?

ಅಲ್ಪವಿರಾಮ

ಓದಲು ಮಾತ್ರ ಕೊಡಬೇಕಾದ ಬಫರ್ ಇದ್ದರೆ ಬರೆಯುವವರು ಸಾಮಾನ್ಯವಾಗಿ ವಿಎಂ_ರೈಟ್ (ಬರೆಯುವ ಅನುಮತಿ) ಕೇಳಿದವರನ್ನು ವಾಪಸ್ ಕಳಿಸಿ ಸುಮ್ಮನಾಗುತ್ತಾರೆ. ಫೈಲನ್ನು ಓದು-ಬರಹಕ್ಕೆ ತೆರೆದಿದ್ದರೆ ಮುಂದೆ ಆ ಅನುಮತಿ ಪಡೆಯಲು ಬಿಡುವ ವಿಎಂ_ಮೇರೈಟ್ ಎಂಬ ಇನ್ನೊಂದು ಫ್ಲ್ಯಾಗ್ ಹಾಗೆಯೇ ಉಳಿದಿರುತ್ತದೆ. ಪ್ರೋಗ್ರಾಂ ಮೊದಲು ಓದಲು ಮಾತ್ರ ಮ್ಯಾಪ್ ಮಾಡಿ, ಆಮೇಲೆ ಎಂಪ್ರೊಟೆಕ್ಟ್ ಕರೆದು ಬರೆಯುವ ಹಕ್ಕು ಪಡೆದುಬಿಡುತ್ತದೆ. ಎರಡನ್ನೂ ನೋಡಬೇಕು. ಅಂದ ಹಾಗೆ 2023ರ 6.3 ಆವೃತ್ತಿಯಿಂದ ವಿಎಂ_ಫ್ಲ್ಯಾಗ್ಸ್‌ಗೆ ನೇರವಾಗಿ ಬರೆಯುವಂತಿಲ್ಲ, ವಿಎಂ_ಫ್ಲ್ಯಾಗ್ಸ್_ಸೆಟ್, ವಿಎಂ_ಫ್ಲ್ಯಾಗ್ಸ್_ಕ್ಲಿಯರ್ ಮೂಲಕವೇ ಹೋಗಬೇಕು. ಹಳೆಯ ಡ್ರೈವರ್‌ಗಳನ್ನು ಮೇಲಕ್ಕೆ ತರುವಾಗ ಇದನ್ನು ಯಾಂತ್ರಿಕವಾಗಿ ಬದಲಿಸಿ ಕೈ ತೊಳೆದುಕೊಳ್ಳುತ್ತಾರೆ. ಬದಲಿಸುವ ಹೊತ್ತಿನಲ್ಲಿ ಈ ಫ್ಲ್ಯಾಗ್ ಇಲ್ಲಿ ಏಕೆ ಎಂದು ಕೇಳುವವರು ಕಡಿಮೆ.

ಕಡತಪಾಲಕ

ಹಳೆಯ ಕಡತಗಳಿಂದ ಎರಡು ಸಂಗತಿ, ಎರಡೂ ಮ್ಯಾಪಿಂಗ್ ಕೋಡಿನವೇ.

2003ರ ನವೆಂಬರ್‌ನಲ್ಲಿ ಡೆಬಿಯನ್ ಎಂಬ ಲಿನಕ್ಸ್ ಯೋಜನೆಯ ಸರ್ವರ್‌ಗಳಿಗೆ ಕನ್ನ ಬಿತ್ತು. ದಾರಿ ಮಾಡಿಕೊಟ್ಟದ್ದು ಪ್ರೊಸೆಸ್‌ನ ಮೆಮೊರಿ ಬೆಳೆಸುವ ಡೂ_ಬಿಆರ್‌ಕೆ ಫಂಕ್ಷನ್‌ನಲ್ಲಿ ಇಲ್ಲದಿದ್ದ ಒಂದು ಮಿತಿ ಪರೀಕ್ಷೆ. ಹೊಟ್ಟೆ ಉರಿಯುವ ವಿಷಯವೆಂದರೆ ಅದನ್ನು ಕರ್ನಲ್ ಡೆವಲಪರ್ ಆಂಡ್ರ್ಯೂ ಮಾರ್ಟನ್ ಸೆಪ್ಟೆಂಬರ್‌ನಲ್ಲೇ ಗುರುತಿಸಿದ್ದರು, ತಿದ್ದುಪಡಿ ಕರ್ನಲ್ 2.6ರ ಪರೀಕ್ಷಾ ಆವೃತ್ತಿಗೆ ಸೇರಿಯೂ ಇತ್ತು. ಆದರೆ 2.4.22ಕ್ಕೆ ತಡವಾಗಿತ್ತು. ಜನ ಬಳಸುತ್ತಿದ್ದುದು ಅದನ್ನೇ.

2004ರ ಫೆಬ್ರವರಿಯದು ಇನ್ನೂ ಸಣ್ಣದು. ಎಂರೀಮ್ಯಾಪ್ (ಇರುವ ಮ್ಯಾಪಿಂಗ್‌ನ ಗಾತ್ರ ಬದಲಿಸುವ ಕರೆ) ಒಳಗೆ ಡೂ_ಎಂಅನ್‌ಮ್ಯಾಪ್ ಕರೆದು ಅದರ ಉತ್ತರವನ್ನೇ ನೋಡಿರಲಿಲ್ಲ. ಅನ್‌ಮ್ಯಾಪ್ ಸೋಲುವುದುಂಟೇ ಎಂದುಕೊಂಡಿರಬಹುದು. ಸೋಲುತ್ತದೆ: ನಡುವೆ ರಂಧ್ರ ಕೊರೆದರೆ ಒಂದಿದ್ದ ವಿಎಂಎ ಎರಡಾಗಬೇಕು, ಒಂದು ಪ್ರೊಸೆಸ್‌ಗೆ ಎಷ್ಟು ವಿಎಂಎ ಎಂಬುದಕ್ಕೆ ಮಿತಿ ಇದೆ, ಇವತ್ತಿಗೂ ಡಿಫಾಲ್ಟ್ 65,530. ಮಿತಿ ಮುಟ್ಟಿದವನಿಗೆ ಅನ್‌ಮ್ಯಾಪ್ ಆಗುವುದಿಲ್ಲ. ಆ ಒಂದು ನೋಡದ ಉತ್ತರದಿಂದ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಬಹುದಿತ್ತು. 2.4.25 ಮತ್ತು 2.6.3ರಲ್ಲಿ ಸರಿಯಾಯಿತು.

ಹಾಗಾಗಿ ನನ್ನ ರಿವ್ಯೂ ಕ್ರಮದಲ್ಲಿ "ಇದು ಸೋಲುವುದೇ ಇಲ್ಲ" ಎಂಬ ಕಾಮೆಂಟ್ ಕಂಡರೆ ಮೊದಲು ಅಲ್ಲಿಗೇ ಹೋಗುತ್ತೇನೆ.

ನೇರಮಾತು

ನೀವು ಕೊಟ್ಟ ಉದಾಹರಣೆಗಳು ನನ್ನ ವಾದವನ್ನೇ ಗಟ್ಟಿ ಮಾಡುತ್ತವೆ. ಅವನ್ನೆಲ್ಲ ಘಟಾನುಘಟಿಗಳು ರಿವ್ಯೂ ಮಾಡಿದ್ದರು. ಆದರೂ ತಪ್ಪಿಸಿಕೊಂಡವು. ಡರ್ಟಿ ಕೌ ನೋಡಿ, ಓದಲು ಮಾತ್ರ ಇದ್ದ ಮ್ಯಾಪಿಂಗ್‌ಗೆ ಬರೆಯಲು ಬಿಟ್ಟ ಆ ಬಗ್ ಒಂಬತ್ತು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ.

ಕಡತಪಾಲಕ

ಕಣ್ಣಿಗೆ ಬಿದ್ದಿತ್ತು, ಅದೇ ದುರಂತ. 2016ರಲ್ಲಿ ತಿದ್ದುಪಡಿ ಹಾಕುವಾಗ ಲಿನಸ್ ಅವರೇ ಬರೆದಿದ್ದಾರೆ: ಹನ್ನೊಂದು ವರ್ಷ ಹಿಂದೆ ತಾವೇ ಇದನ್ನು ಸರಿಪಡಿಸಲು ಹೋಗಿದ್ದು, ಐಬಿಎಂನ ಎಸ್390 ಯಂತ್ರಗಳಲ್ಲಿ ತೊಂದರೆಯಾಯಿತೆಂದು ಆ ತಿದ್ದುಪಡಿಯನ್ನು ಹಿಂತೆಗೆದುಕೊಳ್ಳಲಾಯಿತು ಎಂದು. ದಾಳಿ ಮಾಡಬಹುದಾದ ರೂಪದಲ್ಲಿ ಅದು 2007ರ 2.6.22ರಿಂದ ಉಳಿದಿತ್ತು, ನಿಮ್ಮ ಒಂಬತ್ತು ವರ್ಷದ ಲೆಕ್ಕ ಅಲ್ಲಿಂದ. ಹಿಂತೆಗೆದುಕೊಂಡ ಪ್ಯಾಚ್ ಬಂದಾಗ "ಹಾಗಾದರೆ ಮೂಲ ಸಮಸ್ಯೆಗೆ ಏನು ಗತಿ" ಎಂದು ಹಠ ಹಿಡಿಯುವವರು ಬೇಕಿತ್ತು. ಸಿಜ್‌ಕಾಲರ್ ಆ ಪ್ರಶ್ನೆ ಕೇಳುವುದಿಲ್ಲ.

ರಾತ್ರಿಪಾಳಿ

ಅದಕ್ಕೆ ಬಾಲವೂ ಇದೆ. 2016ರ ತಿದ್ದುಪಡಿಯನ್ನು ಲೋಕವೆಲ್ಲ ಓದಿತು. 2017ರಲ್ಲಿ ಅದೇ ತರ್ಕವನ್ನು ದೊಡ್ಡ ಪುಟಗಳ ದಾರಿಗೆ ಒಯ್ದದ್ದರಲ್ಲಿ ತೂತು ಕಂಡುಬಂತು, ಹ್ಯೂಜ್ ಡರ್ಟಿ ಕೌ ಎಂದು ಹೆಸರಾಯಿತು. 4 ಕೆಬಿ ಪುಟದ ದಾರಿ ಸರಿ, 2 ಎಂಬಿ ಪುಟದ ದಾರಿ ಸರಿಯಿಲ್ಲ. ಮ್ಯಾಪಿಂಗ್ ಕೋಡಿನಲ್ಲಿ ಒಂದು ಕಡೆ ಬದಲಾವಣೆ ಕಂಡರೆ ಅದರ ಅವಳಿ ಎಲ್ಲಿದೆ ಎಂದು ಹುಡುಕಬೇಕು.

ಬಯಲುಸೀಮೆ

ಪುಟದ ಮಾತು ಬಂದದ್ದಕ್ಕೆ: ಆ ಪ್ಯಾಚಿನಲ್ಲಿ 4096 ಅಥವಾ 12 ಎಂದು ನೇರವಾಗಿ ಬರೆದಿದ್ದಾರೆಯೇ ನೋಡಿ. ನಾನು ಫೋನಿನ ಕಡೆ ಕೆಲಸ ಮಾಡುತ್ತೇನೆ, ಈಗ ನಮ್ಮ ತಲೆನೋವು ಅದೇ. ಆಂಡ್ರಾಯ್ಡ್ 15ರಿಂದ 16 ಕೆಬಿ ಪುಟಕ್ಕೆ ಬೆಂಬಲ ಬಂದಿದೆ. ಎಆರ್‌ಎಂ64 ಮೊದಲಿನಿಂದಲೂ 4, 16, 64 ಕೆಬಿ ಮೂರನ್ನೂ ಒಪ್ಪುತ್ತದೆ, ನಾವೇ 4ಕ್ಕೆ ಅಂಟಿಕೊಂಡಿದ್ದೆವು. 16 ಕೆಬಿ ಕರ್ನಲ್‌ನಲ್ಲಿ 4 ಕೆಬಿ ಗಡಿಯಲ್ಲಿ ಕೂತ 4 ಕೆಬಿ ಬಫರನ್ನು ಮ್ಯಾಪ್ ಮಾಡಿದರೆ ಅಕ್ಕಪಕ್ಕದ 12 ಕೆಬಿಯೂ ಜೊತೆಗೆ ಹೊರಗೆ ಹೋಗುತ್ತದೆ. ಅದು ಯಾರದ್ದು ಎಂದು ಯಾರಿಗೂ ಗೊತ್ತಿರುವುದಿಲ್ಲ. ಕೆಮಾಲಾಕ್‌ನಿಂದ (ಕರ್ನಲ್ ಒಳಗೆ ಪುಟಕ್ಕಿಂತ ಸಣ್ಣ ಮೆಮೊರಿಯನ್ನೂ ಕೊಡುವ ಫಂಕ್ಷನ್) ಪಡೆದ ತುಣುಕನ್ನು ಮ್ಯಾಪ್ ಮಾಡುವವರನ್ನಂತೂ ಕೇಳಲೇಬೇಡಿ.

ಮುಂಜಾನೆ ಬಿಲ್ಡ್

ಕೆಮಾಲಾಕ್ ತುಣುಕನ್ನು ಮ್ಯಾಪ್ ಮಾಡುವವರು ಇನ್ನೂ ಇದ್ದಾರೆಯೇ?

ಬಯಲುಸೀಮೆ

ಇದ್ದಾರೆ. ಹಳೆಯ ಡೇಟಾ ಅಳಿಸಿ ಸೊನ್ನೆಯನ್ನೂ ತುಂಬದೆ ಕೊಡುವವರೂ ಇದ್ದಾರೆ.

ಹಳೆಯ ಡ್ರೈವರ್

ಎಆರ್‌ಎಂ ಎಂದಾಗ ನೆನಪಾಯಿತು. ಪುಟಕ್ಕೆ ಕ್ಯಾಶ್ (ಪ್ರೊಸೆಸರ್ ತನ್ನ ಹತ್ತಿರ ಇಟ್ಟುಕೊಳ್ಳುವ ನಕಲು) ಗುಣ ಯಾವುದು ಕೊಟ್ಟಿದ್ದಾರೆ ಎಂದೂ ನೋಡಿ. ಅದೇ ಮೆಮೊರಿಯನ್ನು ಕರ್ನಲ್ ಕ್ಯಾಶ್ ಸಹಿತ, ಬಳಕೆದಾರರು ಕ್ಯಾಶ್ ರಹಿತ ನೋಡಿದರೆ ಇಬ್ಬರಿಗೂ ಬೇರೆ ಬೇರೆ ಡೇಟಾ ಕಾಣಬಹುದು. ಮೇಜಿನ ಮೇಲಿನ ಎಕ್ಸ್86 ಕಂಪ್ಯೂಟರಿನಲ್ಲಿ ಎಲ್ಲವೂ ಸರಿಯಾಗಿರುತ್ತದೆ, ಬೋರ್ಡಿಗೆ ಹೋದಾಗ ಚಿತ್ರದಲ್ಲಿ ಗೆರೆ ಬರುತ್ತದೆ, ಎಲ್ಲರೂ ಕ್ಯಾಮೆರಾ ಸೆನ್ಸರ್ ತಂಡವನ್ನು ಬೈಯುತ್ತಾರೆ.

ತಂತಿಪತ್ರ

ವಿಷಯಾಂತರ ಮಾಡುತ್ತಿದ್ದೇನೆ, ಕ್ಷಮಿಸಿ. ಅರ್ಧ ಸಮಸ್ಯೆ ರಿವ್ಯೂ ಮಾಡುವ ಪರದೆಯಲ್ಲಿದೆ. ಡಿಫ್ ತೋರಿಸುವುದು ಬದಲಾದ ಸಾಲಿನ ಮೇಲೆ ಮೂರು, ಕೆಳಗೆ ಮೂರು. ಓಪನ್ ಇಲ್ಲ ಎಂಬುದು ಅಷ್ಟರಲ್ಲಿ ಹೇಗೆ ಕಾಣಬೇಕು? ಗಿಟ್‌ನಲ್ಲಿ ಡಿಫ್ ಜೊತೆ ದೊಡ್ಡಕ್ಷರದ ಡಬ್ಲ್ಯೂ ಕೊಟ್ಟರೆ ಇಡೀ ಫಂಕ್ಷನ್ ತೋರಿಸುತ್ತದೆ. ಕರ್ನಲ್ ಜನ ಇಂದಿಗೂ ಇಮೇಲ್‌ನಲ್ಲೇ ಪ್ಯಾಚ್ ಓದುವುದನ್ನು ನೋಡಿ ಹೊಸಬರು ನಗುತ್ತಾರೆ. ಆದರೆ ಇಮೇಲ್‌ನಲ್ಲಿ ಓದುವವರು ಪಕ್ಕದಲ್ಲಿ ಮೂಲ ಕೋಡ್ ತೆರೆದಿಟ್ಟುಕೊಳ್ಳುತ್ತಾರೆ. ಬಣ್ಣಬಣ್ಣದ ಜಾಲತಾಣದಲ್ಲಿ ಓದುವವರು ಹಸಿರಿನಲ್ಲಿ ತೋರುವ ಹೊಸ ಸಾಲು ಓದಿ ಒಪ್ಪಿಗೆ ಒತ್ತುತ್ತಾರೆ.

ನೇರಮಾತು

ಇಮೇಲ್ ಓದುವವರಲ್ಲೂ ಹಸಿರು ಸಾಲು ಮಾತ್ರ ಓದುವವರು ಬೇಕಾದಷ್ಟಿದ್ದಾರೆ. ಬಣ್ಣ ಇರುವುದಿಲ್ಲ, ಅಷ್ಟೇ.

ತಂತಿಪತ್ರ

ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಕಲಿಯುವವಳು

ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದೇನೆ. ವಿಎಂಎ ಸೀಳುವುದು, ಕೂಡಿಕೊಳ್ಳುವುದನ್ನು ನಾನೇ ಮಾಡಿ ನೋಡಲು ದಾರಿ ಇದೆಯೇ ಸರ್? ಕರ್ನಲ್ ಕಟ್ಟಿ ಹಾಕುವಷ್ಟು ಒಳ್ಳೆಯ ಲ್ಯಾಪ್‌ಟಾಪ್ ನನ್ನಲ್ಲಿಲ್ಲ.

ರಾತ್ರಿಪಾಳಿ

ಇದೆ ತಂಗಿ. 2024ರಲ್ಲಿ, 6.12ರ ಹೊತ್ತಿಗೆ, ವಿಎಂಎ ನಿಭಾಯಿಸುವ ಒಳಗಿನ ಕೋಡನ್ನು ಎಂಮ್ಯಾಪ್ ಕಡತದಿಂದ ತೆಗೆದು ಪ್ರತ್ಯೇಕ ವಿಎಂಎ ಕಡತಕ್ಕೆ ಹಾಕಿದರು. ಅದನ್ನು ಮಾಮೂಲಿ ಪ್ರೋಗ್ರಾಂನಂತೆ ಬಳಕೆದಾರರ ಕಡೆಯೇ ಓಡಿಸಿ ಪರೀಕ್ಷಿಸಬಹುದು. ಮೂಲ ಕೋಡಿನಲ್ಲಿ ಟೂಲ್ಸ್, ಟೆಸ್ಟಿಂಗ್, ವಿಎಂಎ ಎಂಬ ಡೈರೆಕ್ಟರಿ ಹುಡುಕಿ. ಇಡೀ ಕರ್ನಲ್ ಕಟ್ಟಬೇಕಾಗಿಲ್ಲ. ಅಷ್ಟೂ ಬೇಡ ಎಂದರೆ ಮೂರು ಪುಟ ಎಂಮ್ಯಾಪ್ ಮಾಡುವ ಸಣ್ಣ ಸಿ ಪ್ರೋಗ್ರಾಂ ಬರೆದು, ನಡುವಿನದನ್ನು ಎಂಅನ್‌ಮ್ಯಾಪ್ ಮಾಡಿ, ಮೊದಲೂ ಆಮೇಲೂ ಪ್ರೋಕ್ ಕೆಳಗಿನ ಮ್ಯಾಪ್ಸ್ ಕಡತ ಓದಿ. ಸಾಲು ಎರಡಾಗುವುದು ಕಾಣುತ್ತದೆ.

ಕಲಿಯುವವಳು

ಈಗಲೇ ಮಾಡಿ ನೋಡಿದೆ, ಎರಡಾಯಿತು! ಅನ್‌ಮ್ಯಾಪ್ ಬದಲು ನಡುವಿನದಕ್ಕೆ ಎಂಪ್ರೊಟೆಕ್ಟ್ ಮಾಡಿದಾಗ ಮೂರಾಯಿತು, ಅನುಮತಿ ಮೊದಲಿನಂತೆ ಮಾಡಿದರೆ ಮತ್ತೆ ಒಂದಾಯಿತು. ಧನ್ಯವಾದಗಳು ಸರ್.

ಅಲ್ಪವಿರಾಮ

ಮತ್ತೆ ಒಂದಾಗುವುದನ್ನು ಗಮನಿಸಿದಿರಲ್ಲ, ಶಹಬ್ಬಾಸ್. ಕ್ಲೋಸ್ ಫಂಕ್ಷನ್ ಇರುವ ಡ್ರೈವರಿನ ವಿಎಂಎ ಆದರೆ ಏನಾಗುತ್ತದೆ ಎಂದು ಮುಂದೆ ಓದಿ, ಮಜವಾಗಿದೆ.

ಪುಟಮಿತಿ

ಎಲ್ಲರಿಗೂ ಉತ್ತರಿಸಲು ತಡವಾಯಿತು. ಬೆಳಗ್ಗೆ ಹುಡುಗನ ಪಕ್ಕ ಕೂತು ಅಲ್ಪವಿರಾಮ ಹೇಳಿದ ಹಾಗೆ 4 ಜಿಬಿ ಆಫ್‌ಸೆಟ್ ಕೊಟ್ಟು ಪ್ರೋಗ್ರಾಂ ಓಡಿಸಿದೆವು. ಎಂಮ್ಯಾಪ್ ಸಲೀಸಾಗಿ ಯಶಸ್ವಿಯಾಯಿತು. ಪರದೆಯ ಮೇಲೆ ಯಾವುದೋ ಕಡತದ ಅಕ್ಷರಗಳು ಬಂದವು, ನಮ್ಮ ಬಫರಿನದ್ದಲ್ಲ. ಅವನು ಒಂದು ಮಾತೂ ಆಡದೆ ಯು32 ಸಾಲು ಅಳಿಸಿದ. ವಾದ ಅಲ್ಲಿಗೆ ಮುಗಿಯಿತು.

ಈಗ ಪ್ಯಾಚ್ ಎರಡಾಗಿದೆ. ಮೊದಲನೆಯದು ವಿಎಂ_ಐಒಮ್ಯಾಪ್_ಮೆಮೊರಿ ಉಳಿಸಿಕೊಂಡು ಆಫ್‌ಸೆಟ್‌ನ ತಡೆಯನ್ನು ಮಾತ್ರ ತೆಗೆಯುತ್ತದೆ; ಈ ವಾರದ ಬಿಡುಗಡೆಗೆ ಅದಷ್ಟೇ ಹೋಗುತ್ತದೆ, ಮೇಲಿನವರೂ ಒಪ್ಪಿದರು. ಎಣಿಕೆಯ ಪ್ಯಾಚ್ ನಿಂತಿದೆ. ಓಪನ್ ಸೇರಿಸೋಣ ಎಂದು ಅವನು, ಸೀಳುವುದನ್ನೇ ಮೇ_ಸ್ಪ್ಲಿಟ್‌ನಲ್ಲಿ ನಿಷೇಧಿಸಿ ವಿಎಂ_ಡೋಂಟ್‌ಕಾಪಿ (ಮಗು ಪ್ರೊಸೆಸ್‌ಗೆ ನಕಲಿಸಬೇಡ ಎಂಬ ಫ್ಲ್ಯಾಗ್) ಹಾಕಿ ಫೋರ್ಕ್‌ನಿಂದಲೂ ಪಾರಾಗೋಣ ಎಂದು ನಾನು.

ಹಳೆಯ ಡ್ರೈವರ್

ಅವನೇ ಸರಿ. ನಿಷೇಧಿಸಿದರೆ ಇವತ್ತು ನಡುವಿನ ಪುಟ ಬಿಡುತ್ತಿರುವ ಯಾವುದೋ ಪ್ರೋಗ್ರಾಂ ನಾಳೆ ಮುರಿಯುತ್ತದೆ. ಬಳಕೆದಾರರ ಕಡೆಯ ನಡವಳಿಕೆ ಮುರಿಯುವ ಪ್ಯಾಚನ್ನು ನಾನಾದರೆ ತಡೆಯುತ್ತೇನೆ. ಓಪನ್ ಎಂದರೆ ಎಣಿಕೆ ಏರಿಸುವ ಒಂದೇ ಸಾಲು.

ಅಲ್ಪವಿರಾಮ

ನಾನು ಒಪ್ಪುವುದಿಲ್ಲ. ಕ್ಯಾಮೆರಾ ಬಫರಿನ ನಡುವಿನ ಪುಟ ಬಿಡುವ ಪ್ರೋಗ್ರಾಂ ನಿಜಕ್ಕೂ ಇದೆಯೇ ಎಂದು ಮೊದಲು ಹುಡುಕಲಿ. ಇಲ್ಲದಿದ್ದರೆ ಬಾಗಿಲು ಮುಚ್ಚುವುದೇ ಲೇಸು. ಜೊತೆಗೆ 2025ರ 6.16ರಿಂದ ಎಂಮ್ಯಾಪ್_ಪ್ರಿಪೇರ್ ಬಂದಿದೆ, ವಿಎಂಎ ಹುಟ್ಟುವ ಮೊದಲೇ ಡ್ರೈವರ್ ತನಗೆ ಬೇಕಾದ್ದನ್ನು ಹೇಳಿ ಸುಮ್ಮನಾಗಬೇಕು. ಡ್ರೈವರ್ ಕೈಗೆ ವಿಎಂಎಯನ್ನೇ ಕೊಡುವ ಕಾಲ ಮುಗಿಯುತ್ತಾ ಬರುತ್ತಿದೆ. ಎಣಿಕೆಯನ್ನು ಅದಕ್ಕೆ ಹೊಂದುವಂತೆ ಈಗಲೇ ಬರೆದರೆ ಮುಂದೆ ಮತ್ತೊಮ್ಮೆ ಕಿತ್ತು ಕಟ್ಟುವುದು ತಪ್ಪುತ್ತದೆ.

ಹಳೆಯ ಡ್ರೈವರ್

ಅವರ ಬೋರ್ಡಿನಲ್ಲಿ ಓಡುತ್ತಿರುವುದು ಯಾವ ಆವೃತ್ತಿ ಎಂದು ಮೊದಲು ಕೇಳಿ ಮೇಡಂ.

ಪುಟಮಿತಿ

5.15.

ನೇರಮಾತು

ಹಹ್ಹ. ಇನ್ನೊಂದು ಎಳೆ ತೆರೆಯಿರಿ.